ಶ್ರೀನಿವಾಸಪುರದ ನಾಲಿಗೆ

ಊರು ಅಂದ ಮೇಲೆ ಜಂಬ ಇದ್ದೇ ಇರುತ್ತದೆ. ಕೋಲಾರದವರಿಗೆ ಜಿಲ್ಲಾ ಕೇಂದ್ರದವರೆಂಬ ಜಂಬ, ಡಿ.ಸಿ. ಆಫೀಸನ್ನು ತಮ್ಮ ತಾತನೇ ಕಟ್ಟಿಸಿದ ಹಾಗೆ ಮಾತಾಡುತ್ತಾರೆ. ಮುಳಬಾಗಿಲಿನವರಿಗೆ ದೋಸೆಯ ಜಂಬ. ನಮ್ಮ ಮಾಲೂರಿನವರಿಗೆ ಬೆಂಗಳೂರು ಹತ್ತಿರವೆಂಬ ಜಂಬ. ರೈಲು ಹತ್ತಿದರೆ ಒಂದೇ ಗಂಟೆ ಎಂದು ಕೇಳದವರಿಗೂ ಹೇಳುತ್ತೇವೆ. ಇವೆಲ್ಲವನ್ನೂ ಒಟ್ಟಿಗೆ ಹಾಕಿ ತೂಗಿದರೂ ಶ್ರೀನಿವಾಸಪುರದವರ ಮಾವಿನ ಜಂಬದ ಮುಂದೆ ಏನೂ ಅಲ್ಲ. ಆ ಊರಿಗೆ ನನ್ನ ಮದುವೆ ಗೊತ್ತಾದಾಗ ಗೆಳತಿಯರು ಎಚ್ಚರಿಸಿದ್ದರು. ನಾನು ನಕ್ಕುಬಿಟ್ಟಿದ್ದೆ. ಹಣ್ಣು ನೋಡಿ ಯಾರಾದರೂ ಮನುಷ್ಯರನ್ನು ಅಳೆಯುತ್ತಾರೆಯೇ ಎಂದುಕೊಂಡಿದ್ದೆ.

ಅಳೆಯುತ್ತಾರೆ. ನನ್ನ ಅತ್ತೆ ಆಂಜಿನಮ್ಮ ಅಳೆಯುತ್ತಾರೆ. ಊರಾಚೆಯ ನಮ್ಮ ತೋಪಿನಲ್ಲಿ ನಲವತ್ತೆರಡು ಮರಗಳಿವೆ, ಹೆಚ್ಚಿನವು ಬಾದಾಮಿ. ಆ ನಲವತ್ತೆರಡು ಮರದ ಹಣ್ಣು ಬಿಟ್ಟು ಬೇರೆ ಯಾವ ಮಾವನ್ನೂ ಅತ್ತೆ ಬಾಯಿಗೆ ಇಟ್ಟವರಲ್ಲ. ಮದುವೆ ಊಟದಲ್ಲಿ ಸೀಕರಣೆ ಬಂದರೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಾರೆ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಹಣ್ಣಿನ ಗಾಡಿಯ ಪಕ್ಕ ನಡೆಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಅವರ ತಮ್ಮ ಅಮರನಾಥ್‌ಗೆ ಬೈರಕೂರಿನಲ್ಲಿ ಎಂಟು ಎಕರೆ ಮಾವಿದೆ. ಅಕ್ಕನ ಮನೆಗೆ ಬರುವಾಗ ಆತ ಬಾಳೆಹಣ್ಣು ತರುತ್ತಾನೆ. ಒಡಹುಟ್ಟಿದವನ ಗತಿಯೇ ಹೀಗಾದರೆ ಮಾಲೂರಿನ ಬೀಗರನ್ನು ಕೇಳುವವರಾರು.

ನನ್ನ ಅಪ್ಪ ಮುನಿಕೃಷ್ಣ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಮ್ಮ ಮನೆಯ ಹಿಂದೆ ಒಡೆದ ಹೆಂಚುಗಳ ಗುಡ್ಡೆಯಲ್ಲಿ ತಾನಾಗಿ ಒಂದು ಮಾವಿನ ಸಸಿ ಹುಟ್ಟಿತ್ತು. ಯಾರು ಉಗಿದ ಓಟೆಯೋ ಗೊತ್ತಿಲ್ಲ. ಅಪ್ಪ ಅದನ್ನು ಕೀಳದೆ ಸುತ್ತ ಹೆಂಚು ಜೋಡಿಸಿ ನೀರು ಹಾಕಿ ಬೆಳೆಸಿದರು. ಹಣ್ಣು ಸಣ್ಣದು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ, ನೋಡಲು ಏನೇನೂ ಚೆಂದವಿಲ್ಲ. ನಾವು ಅದನ್ನು ತಿಂದೇ ದೊಡ್ಡವರಾದೆವು.

ಎರಡು ವರ್ಷದ ಹಿಂದೆ ಬಾಣಂತನ ಮುಗಿಸಿ ನನ್ನನ್ನೂ ಮಗು ಶಿವಾನಿಯನ್ನೂ ಗಂಡನ ಮನೆಗೆ ಬಿಡಲು ಅಪ್ಪ ಬಂದಿದ್ದರು. ಬಸ್ಸಿನುದ್ದಕ್ಕೂ ಅವರ ತೊಡೆಯ ಮೇಲೆ ಒಂದು ಬುಟ್ಟಿ, ಅದರ ತುಂಬ ಆ ಮರದ ಹಣ್ಣು. ಒಂದೊಂದನ್ನೂ ತೊಟ್ಟು ಮುರಿಯದಂತೆ ಕೊಯ್ದು, ಹುಲ್ಲಿನಲ್ಲಿ ಮಾಗಿಸಿ, ಒರೆಸಿ ಜೋಡಿಸಿದ್ದರು. ಅತ್ತೆ ಒಂದು ಹಣ್ಣು ಎತ್ತಿ ತಿರುಗಿಸಿ ನೋಡಿದರು.

"ಯಾವ ಜಾತಿ?"

"ನಾಟಿ ಗಿಡ ಕಣಮ್ಮ. ತಾನಾಗೇ ಹುಟ್ಟಿದ್ದು."

"ಹೆಸರಿಲ್ಲದ ಹಣ್ಣು ನಮ್ಮನೇಲಿ ಯಾರೂ ತಿನ್ನಲ್ಲ."

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋಗಿ ದನದ ಬಾನಿಗೆ ಸುರಿದರು. ಮರೆಯಲ್ಲೂ ಅಲ್ಲ, ಅಪ್ಪನ ಕಣ್ಣೆದುರಿಗೇ. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕೊಂಕೂ ಇರಲಿಲ್ಲ. ಕಸ ಎತ್ತಿ ಹಾಕಿದಷ್ಟು ಸಲೀಸಾಗಿ ಮಾಡಿದರು. ಅಪ್ಪ ಖಾಲಿ ಬುಟ್ಟಿ ಈಸಿಕೊಂಡು "ಹೊರಡ್ತೀನಿ ಮಗಳೇ" ಎಂದರು. ಆಮೇಲೆ ಆ ಹೊಸಿಲು ತುಳಿಯಲಿಲ್ಲ.

ಅಪ್ಪ ಬರುವುದನ್ನು ಬಿಟ್ಟರು ಎಂದಲ್ಲ. ತಿಂಗಳಿಗೊಮ್ಮೆ ಶ್ರೀನಿವಾಸಪುರಕ್ಕೆ ಬಂದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಶಿವಾನಿಯನ್ನು ಎತ್ತಿಕೊಂಡು ಹೋಗುತ್ತಿದ್ದೆ. ಒಂದು ಬನ್ನು ತಿನ್ನಿಸಿ, ಸ್ವಲ್ಪ ಹೊತ್ತು ಆಡಿಸಿ, ಮುಂದಿನ ಬಸ್ ಹತ್ತುತ್ತಿದ್ದರು. ಮೊಮ್ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ಅವರು ನೋಡಿದ್ದು ಬಸ್ ಸ್ಟ್ಯಾಂಡಿನ ಸಿಮೆಂಟು ನೆಲದ ಮೇಲೆ. ನನ್ನ ಗಂಡ ಮುರಳೀಕೃಷ್ಣ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವನು. ಅವನಿಗೆ ಹೇಳಿದರೆ "ಅಮ್ಮ ಇರೋದೇ ಹಂಗೆ ಕಣೇ, ನಿಮ್ಮಪ್ಪನ್ನ ಸುಮ್ನೆ ಬಾ ಅನ್ನು" ಎನ್ನುತ್ತಿದ್ದ. ಸುಮ್ಮನೆ ಬರುವ ಮನುಷ್ಯರಾಗಿದ್ದರೆ ನಾನೇಕೆ ಅಳುತ್ತಿದ್ದೆ? ನನ್ನ ಅಪ್ಪ ಆ ಮನೆಯ ಜಗಲಿಯ ಮೇಲೆ ಮರ್ಯಾದೆಯಿಂದ ಕೂರಬೇಕು. ಅದೊಂದೇ ನನಗೆ ಬೇಕಾಗಿದ್ದದ್ದು. ಅದಕ್ಕೆ ಮೊದಲು ಅತ್ತೆಯ ಜಂಬ ಹತ್ತು ಜನರ ಮುಂದೆ ಮುರಿಯಬೇಕು ಎಂದು ನಾನು ತೀರ್ಮಾನಿಸಿದ್ದೆ.

ಮುರಿಯಲು ಜಾಗವನ್ನು ಅವರೇ ಮಾಡಿಕೊಟ್ಟಿದ್ದರು. ವರ್ಷವರ್ಷವೂ ಬಾದಾಮಿ ಕೊಯ್ಲು ಮುಗಿದ ಭಾನುವಾರ ನೆಂಟರೆಲ್ಲ ನಮ್ಮ ಮನೆಯಲ್ಲಿ ಸೇರುತ್ತಾರೆ. ಅತ್ತೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ನಡುಮನೆಯಲ್ಲಿ ಕೂರುತ್ತಾರೆ. ತಟ್ಟೆಯಿಂದ ಒಂದೊಂದೇ ಹೋಳು ಕೊಟ್ಟರೆ ಯಾವ ಮರದ್ದೆಂದು ಹೇಳುತ್ತಾರೆ. ಇದಕ್ಕೆ ಮನೆಯವರು 'ನಾಲಿಗೆ ಕೂರಿಸುವುದು' ಎನ್ನುತ್ತಾರೆ. ಹಿಂದಿನ ವರ್ಷಗಳಲ್ಲಿ ನಾನು ಅಡುಗೆ ಮನೆಯಿಂದ ಆಚೆ ಬಂದಿರಲಿಲ್ಲ. ಈ ಸಲ ಹೋಳು ಮಾಡಿ ಕೊಡುವ ಕೆಲಸ ನಂದೇ ಎಂದೆ. ಆ ಭಾನುವಾರಕ್ಕೂ ಮೂರು ದಿನ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನಿಂದ ನಾಲ್ಕು ಹಣ್ಣು ತರಿಸಿಕೊಂಡು ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟಿದ್ದೆ. ಅತ್ತೆ ಅದನ್ನು ತಿಂದು ತಮ್ಮದೇ ಯಾವುದಾದರೂ ಮರದ ಹೆಸರು ಹೇಳುತ್ತಾರೆ, ಆಗ ಹಣ್ಣನ್ನು ತಂದು ಎಲ್ಲರ ನಡುವೆ ಇಡುತ್ತೇನೆ. ಇಷ್ಟೇ ನನ್ನ ಉಪಾಯ.

ಭಾನುವಾರ ಬಂತು. ಹದಿನೈದು ಇಪ್ಪತ್ತು ಜನ ಚಾಪೆಯ ಮೇಲೆ ಕೂತಿದ್ದರು. ನಾನು ಮೊದಲ ಹೋಳು ಕೊಟ್ಟೆ.

"ಬಾವಿ ಪಕ್ಕದ್ದು," ಎಂದರು ಅತ್ತೆ.

ಸರಿಯಾಗಿತ್ತು. ಎರಡನೆಯದು ಬೇಲಿ ಸಾಲಿನ ಮೂರನೇ ಮರದ್ದು, ಅದನ್ನೂ ಹೇಳಿದರು. ಆದರೆ ಅಷ್ಟಕ್ಕೆ ನಿಲ್ಲಿಸದೆ, ಬಾಯಾಡಿಸುತ್ತ, "ಇದು ಕೊಯ್ದಿದ್ದಲ್ಲ, ಬಿದ್ದಿದ್ದು. ಒಂದು ರಾತ್ರಿ ನೆಲದ ಮೇಲಿತ್ತು" ಎಂದರು. ನನ್ನ ಕೈ ತಡೆಯಿತು. ಆ ಹಣ್ಣನ್ನು ಬೆಳಿಗ್ಗೆ ಮರದ ಬುಡದಿಂದ ಹೆಕ್ಕಿ ತಂದವಳು ನಾನೇ, ಯಾರಿಗೂ ಹೇಳಿರಲಿಲ್ಲ. ನಾಲ್ಕನೆಯದಕ್ಕೆ "ಬಿಸಿಲು ಬೀಳೋ ಕಡೆ ಕೊಂಬೇದು" ಎಂದರು. ಆರನೆಯದು ಅಮರನಾಥ್ ಪೇಟೆಯಿಂದ ತಮಾಷೆಗೆ ತಂದಿದ್ದ ಹಣ್ಣು. ಅದನ್ನು ನಾಲಿಗೆಗೆ ತಾಗಿಸಿ, "ಪುಡಿ ಹಾಕಿ ಹಣ್ಣು ಮಾಡಿರೋದು" ಎಂದು ಪಕ್ಕದ ಲೋಟಕ್ಕೆ ಉಗಿದರು. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನೆಂಟರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಹತ್ತು ಹೋಳು, ಹತ್ತು ಉತ್ತರ, ಒಂದೂ ತಪ್ಪಿಲ್ಲ. ಈ ಹೆಂಗಸಿನ ಮೇಲಿನ ಸಿಟ್ಟು ಮರೆತು, ದೇವರೇ ಇದು ಹೇಗೆ ಸಾಧ್ಯ ಎಂದು ಬೆರಗಾಗಿ ಕೂತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹನ್ನೊಂದನೆಯದು ಅಪ್ಪನ ಹಣ್ಣು.

ಅತ್ತೆ ಬಾಯಿಗೆ ಹಾಕಿಕೊಂಡರು. ಒಂದು ಸಲ ಕಚ್ಚಿ ನಿಲ್ಲಿಸಿದರು. ಮತ್ತೆ ನಿಧಾನವಾಗಿ ಅಗಿದರು. ಏನೂ ಹೇಳದೆ ಕೈ ಚಾಚಿದರು. ಇನ್ನೊಂದು ಹೋಳು ಕೊಟ್ಟೆ. ಅದನ್ನೂ ತಿಂದು ಮತ್ತೆ ಕೈ ಚಾಚಿದರು.

"ಓಟೆ ಕೊಡು."

ಅತ್ತೆ ಓಟೆ ಚೀಪಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಂದು ಕಣ್ಣಿಗೆ ಟವೆಲ್ ಕಟ್ಟಿಕೊಂಡು, ಎರಡೂ ಕೈಯಲ್ಲಿ ಓಟೆ ಹಿಡಿದು, ರಸ ಮೊಣಕೈವರೆಗೆ ಇಳಿಯುತ್ತಿದ್ದರೂ ಗಮನವಿಲ್ಲದೆ, ಓಟೆ ಬೆಳ್ಳಗಾಗುವವರೆಗೆ ಚೀಪಿದರು. ಆಮೇಲೆ ಟವೆಲ್ ಬಿಚ್ಚಿದರು. ಅವರಿಗೆ ಮನಸ್ಸು ಕಲಕಿದಾಗ ತೆಲುಗು ಬರುತ್ತದೆ.

"ಎವರಿದೇ ಇದಿ?" ಎಂದರು. ಯಾರದು ಇದು ಎಂದು ಕೇಳುತ್ತಿದ್ದರು. "ನಮ್ಮ ತೋಪಿಂದಲ್ಲ. ಇಂಥದ್ದು ನಮ್ಮ ತೋಪಲ್ಲಿ ಇಲ್ಲ."

ನನ್ನ ಉಪಾಯ ಮಣ್ಣುಪಾಲಾಗಿತ್ತು. ಅವರು ತಪ್ಪಲೇ ಇಲ್ಲ. ಆದರೂ ಬಾಯಿಗೆ ಬಂದಿದ್ದನ್ನು ತಡೆಯುವ ಸ್ವಭಾವ ನನ್ನದಲ್ಲ. "ಎರಡು ವರ್ಷದ ಹಿಂದೆ ನೀವು ದನದ ಬಾನಿಗೆ ಸುರಿದ್ರಲ್ಲ ಅತ್ತೆ, ಅದೇ ಮರದ್ದು. ನಮ್ಮಪ್ಪನ ಮನೇದು" ಎಂದೆ.

ಅಕ್ಕನ ಮಾನ ಹೋಗುತ್ತದೆಂದು ಅಮರನಾಥ್‌ಗೆ ಗಾಬರಿಯಾಗಿರಬೇಕು.

"ಏ ಅಕ್ಕ, ಹತ್ತು ಹೋಳು ತಿಂದ್ಮೇಲೆ ನಾಲಿಗೆ ಮಂದ ಆಗುತ್ತೆ. ಮಾಲೂರಿನ ನಾಟಿ ಕಾಯಿ ಎಲ್ಲಾದ್ರೂ ಈ ಮಟ್ಟಕ್ಕೆ ಬರುತ್ತಾ? ಇನ್ನೊಂದ್ಸಲ ನೋಡು."

ಅವನು ತೆರೆದುಕೊಟ್ಟ ಬಾಗಿಲಿನಲ್ಲಿ ಅತ್ತೆ ಸುಲಭವಾಗಿ ನುಸುಳಿ ಹೋಗಬಹುದಿತ್ತು. ನೆಂಟರಷ್ಟು ಜನರೂ ಅವರ ಕಡೆಯವರೇ. ಹೂಂ ಎಂದಿದ್ದರೆ ಸಾಕಿತ್ತು.

"ನಾಲಿಗೆ ನಂದೇ ಕಣೋ, ಆದ್ರೆ ನಾನು ಹೇಳ್ದಂಗೆ ಕೇಳಲ್ಲ ಅದು," ಎಂದರು ಅತ್ತೆ. "ನಮ್ಮ ಬಾದಾಮಿಗಿಂತ ಇದು ಒಂದು ಕೈ ಮೇಲು."

ಹೇಳಿ ಎದ್ದು ಕೈ ತೊಳೆಯಲು ಹೋದರು. ಅವರ ಜಂಬ ಮುರಿಯುವುದನ್ನು ನೋಡಲು ಕಾದಿದ್ದ ನನಗೆ, ಅದು ಬರೀ ಜಂಬವಾಗಿರಲಿಲ್ಲ ಎಂದು ಆಗ ತಿಳಿಯಿತು. ಇಷ್ಟು ಜನರ ಮುಂದೆ, ತನಗೆ ತಾನೇ ವಿರುದ್ಧವಾಗಿ ಸಾಕ್ಷಿ ಹೇಳುವ ಧೈರ್ಯ ನನಗಂತೂ ಇಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು.

"ಮಾಲೂರಿಗೆ ಎಷ್ಟು ಗಂಟೆಗೆ ಬಸ್ಸು?"

"ಯಾಕತ್ತೆ?"

"ಮರ ನೋಡ್ಬೇಕು."

ಅಪ್ಪನನ್ನು ನೋಡಬೇಕು ಎನ್ನಲಿಲ್ಲ. ಈ ಬಾಯಿ ಅಪ್ಪನ ಮನೆಯಂಗಳದಲ್ಲಿ ನಿಂತು ಇನ್ನೇನು ಹೇಳುತ್ತದೋ. ಬಸ್ಸಿನಲ್ಲಿ ಅವರು ಸೀಟನ್ನು ಎರಡೆರಡು ಸಲ ಒರೆಸಿ ಕೂತರು. ಕೋಲಾರದಲ್ಲಿ ಬಸ್ ಬದಲಿಸುವಾಗ ಹಣ್ಣಿನ ಗಾಡಿ ನೋಡಿ ಎಂದಿನಂತೆ ಮೂಗು ಮುಚ್ಚಿಕೊಂಡರು. ನರಸಾಪುರದಲ್ಲಿ ಕಂಪನಿ ಬಸ್ಸುಗಳ ಸಾಲು ಅಡ್ಡ ಬಂದು ಕಾಲು ಗಂಟೆ ನಿಂತೆವು. ದಾರಿಯುದ್ದಕ್ಕೂ ಶಿವಾನಿ ಅಜ್ಜಿಯ ಬಳೆ ತಿರುಗಿಸುತ್ತ ಕೂತಿದ್ದಳು.

ಅಪ್ಪ ಬನಿಯನ್ನಿನಲ್ಲೇ ಹೊರಗೆ ಬಂದರು. ನನ್ನನ್ನು ನೋಡಿ ನಕ್ಕವರು ಹಿಂದೆ ನಿಂತ ಅತ್ತೆಯನ್ನು ಕಂಡು ನಗು ನುಂಗಿಕೊಂಡರು. "ಬನ್ನಿ" ಎಂದರು. ಮನೆಗೆ ಬಂದವರಿಗೆ ಬನ್ನಿ ಎನ್ನಲೇಬೇಕಲ್ಲ, ಅಷ್ಟೇ.

ಅತ್ತೆ ಕೂರಲಿಲ್ಲ. ನೇರ ಹಿತ್ತಲಿಗೆ ನಡೆದರು. ಮರದ ಬುಡದಲ್ಲಿ ಚಪ್ಪಲಿ ಬಿಟ್ಟು, ಒಡೆದ ಹೆಂಚುಗಳ ಮೇಲೆ ಬರಿಗಾಲಲ್ಲಿ ಹತ್ತಿ ಕಾಂಡಕ್ಕೆ ಅಂಗೈ ಒತ್ತಿದರು. ಒಂದು ಎಲೆ ಕಿತ್ತು ಮುರಿದು ಮೂಸಿದರು. ತಲೆಯೆತ್ತಿ ಒಂದೊಂದೇ ಕೊಂಬೆಯನ್ನು ನೋಡುತ್ತ ಎಷ್ಟೋ ಹೊತ್ತು ನಿಂತರು. ನಾನೂ ಮೇಲೆ ನೋಡಿದೆ. ಹುಟ್ಟಿದಾಗಿನಿಂದ ಹತ್ತಿ ಇಳಿದ ಮರ ಅದು. ಅವರು ನೋಡುವ ಪರಿ ಕಂಡು, ಇಷ್ಟು ದೊಡ್ಡದೇನೋ ನಮ್ಮ ಹಿತ್ತಲಲ್ಲಿ ಇತ್ತೆಂಬುದು ನನಗೂ ಮೊದಲ ಸಲ ಹೊಳೆಯಿತು.

ಅಪ್ಪ ಹಿತ್ತಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಅತ್ತೆ ಅವರ ಮುಂದೆ ಬಂದು ನಿಂತರು.

"ಅವತ್ತು ತಿನ್ನದೆ ಸುರಿದೆ. ತಿಂದು ಸುರಿದಿದ್ರೆ ಬೇರೆ ಮಾತು. ರುಚಿ ನೋಡ್ದೆ ತೀರ್ಪು ಕೊಟ್ಟೆ. ನನ್ನ ಜನ್ಮದಲ್ಲಿ ಅಂಥ ತಪ್ಪು ಮಾಡಿರ್ಲಿಲ್ಲ."

ಆಗ ಅತ್ತೆ ತಮ್ಮ ರೇಷ್ಮೆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಶ್ರೀನಿವಾಸಪುರದ ಆಂಜಿನಮ್ಮ ಯಾರ ಮುಂದೆಯೂ ಸೆರಗೊಡ್ಡಿದವರಲ್ಲ.

"ನಂಗೆ ಈ ಮರದ ಎರಡು ಕಡ್ಡಿ ಕೊಡಿ. ನಮ್ಮ ಬಾವಿ ಪಕ್ಕದ ಮರಕ್ಕೆ ಕಸಿ ಕಟ್ಟಿಸ್ತೀನಿ. ಇವತ್ತು ಎಲೆ ಸವರಿ ಬಿಟ್ರೆ ಎಂಟು ದಿನಕ್ಕೆ ಮೊಗ್ಗು ಉಬ್ಬುತ್ತೆ. ಆಗ ಬಂದು ತಗೊಂಡು ಹೋಗ್ತೀನಿ."

ಅಪ್ಪ ಸೆರಗಿನ ಕಡೆ ನೋಡಿ ಮುಖ ತಿರುಗಿಸಿದರು. ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಅಪ್ಪನದು ತಪ್ಪೆನ್ನಲು ನನಗೆ ಬಾಯಿರಲಿಲ್ಲ. ಆದರೆ ಹಾಗೆ ನಿಂತ ಅತ್ತೆಯನ್ನು ನೋಡಲೂ ಆಗುತ್ತಿರಲಿಲ್ಲ.

ಅಪ್ಪ ಏಣಿ, ಕತ್ತರಿ ಹಿಡಿದು ವಾಪಸು ಬಂದರು. ಮರಕ್ಕೆ ಏಣಿ ಒರಗಿಸಿ ಹತ್ತಿದರು. ಈ ಸಲ ಹೂ ಬಿಡದ ಕೊಂಬೆ ಹುಡುಕಿ, ಪೆನ್ಸಿಲ್ ದಪ್ಪದ ಕಡ್ಡಿಗಳ ಎಲೆಗಳನ್ನು, ತೊಟ್ಟು ಉಳಿಸಿ, ಒಂದೊಂದಾಗಿ ಕತ್ತರಿಸತೊಡಗಿದರು. ಎರಡು ಕೇಳಿದ್ದಕ್ಕೆ ಆರು ಕಡ್ಡಿ ಸವರಿದರು. ನಮಗೆ ಬೆನ್ನು ಮಾಡಿಕೊಂಡೇ ಹೇಳಿದರು:

"ಎಂಟು ದಿನಕ್ಕೆ ನೀವು ಬರೋದು ಬೇಡಮ್ಮ."

ಅತ್ತೆಯ ಸೆರಗು ಕೈಯಿಂದ ಜಾರಿತು. ಮೇಲಿನಿಂದ ಇನ್ನೆರಡು ಎಲೆ ಬಿದ್ದವು.

"ಕೊಯ್ದ ದಿನಾನೇ ಕಟ್ಬೇಕು, ಇಲ್ದಿದ್ರೆ ಒಣಗುತ್ತೆ. ನಾನೇ ಒದ್ದೆ ಬಟ್ಟೆ ಸುತ್ತಿ ತರ್ತೀನಿ," ಎಂದರು ಅಪ್ಪ. ಸ್ವಲ್ಪ ತಡೆದು, "ಮನೆಗೇ ತರ್ತೀನಿ" ಎಂದರು.