ಒತ್ತು, ಹಿಡಿ, ಬಿಡು

ಅಶ್ಕರನ ಕಾರಿನ ಹಳೆಯ ಬ್ರೇಕು ಅವನಿಗೆ ಯಾವ ದ್ರೋಹವನ್ನೂ ಮಾಡಿರಲಿಲ್ಲ. ಆದರೂ ಪಕ್ಕದ ಅನಂತಪುರದ ಗುಡ್ಡದ ರಸ್ತೆಯಲ್ಲಿ ಗೆಳೆಯರ ಕಾರುಗಳು ಗಕ್ಕನೆ ನಿಲ್ಲುವ ಚಂದ ನೋಡಿ ಹೊಟ್ಟೆ ಉರಿದು, ದುಬೈಯಿಂದ ಕೆಂಪು ಬಣ್ಣದ ಎರಡು ದೊಡ್ಡ ಕ್ಯಾಲಿಪರ್ ತರಿಸಿಕೊಂಡ. ಮುಂದಿನ ಚಕ್ರಗಳ ಡಿಸ್ಕನ್ನು ಕಚ್ಚಿ ಹಿಡಿಯುವ ಆ ಇಕ್ಕಳಗಳನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟರೆ ತನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯಿತು? ತಾನೇ ಕೂರಿಸಲು ಹೊರಟ. ಅದಕ್ಕೆ ಅವನು ಆರಿಸಿಕೊಂಡದ್ದು ಹೆಂಡತಿ ಶಿಬಿಲಾಳ ತಂದೆ, ಅವಳ ಉಪ್ಪ, ಶಾರ್ಜಾಕ್ಕೆ ವಾಪಸು ಹೊರಡುವ ದಿನವನ್ನು.

ಉಪ್ಪಳಕ್ಕೆ ಹೋಗಿ ಮಾವ ಅದ್ದುವನ್ನು ಹತ್ತಿಸಿಕೊಂಡು ಸಂಜೆಯ ವಿಮಾನಕ್ಕೆ ಮಂಗಳೂರಿಗೆ ಬಿಡುವುದೆಂದು ಮಾತಾಗಿತ್ತು. ಶಿಬಿಲಾ ಆ ಒಂದು ಪ್ರಯಾಣಕ್ಕಾಗಿ ಜೀವ ಹಿಡಿದುಕೊಂಡಿದ್ದಳು. ಈ ರಜೆಯಲ್ಲಿ ಉಪ್ಪ ಮೊಗ್ರಾಲಿನ ಈ ಮನೆಗೆ ಬಂದದ್ದು ಒಂದೇ ಸಲ. ಅವರು ಹೋಗುವ ತನಕ ಅತ್ತೆ ಸೌದಾ ಅಪ್ಪ-ಮಗಳ ನಡುವೆ ಕೂತ ಕುರ್ಚಿಯಿಂದ ಏಳಲಿಲ್ಲ. ಫೋನಿನಲ್ಲಿ ಮಾತಾಡುವುದಾದರೆ ಸ್ಪೀಕರ್ ಹಾಕಬೇಕೆಂಬುದು ಮನೆಯ ಕಾನೂನು. ಏರ್‌ಪೋರ್ಟಿನಲ್ಲಾದರೆ ಅಶ್ಕರ್ ಕಾರು ನಿಲ್ಲಿಸಲು ಹೋದಾಗ ಐದು ನಿಮಿಷವಾದರೂ ಸಿಗುತ್ತದೆ. ‘ಉಪ್ಪ, ನನಗೆ ಆ ಮನೆಯಲ್ಲಿ ಆಗುವುದಿಲ್ಲ, ನನ್ನನ್ನು ಮನೆಗೆ ಕರೆಸಿಕೊಳ್ಳಿ’ ಎನ್ನಲು ಅಷ್ಟು ಸಾಕಿತ್ತು.

ಹಾಗಾಗಿ ಬೆಳಿಗ್ಗೆ ಅವನು ಕರೆದ ಕೂಡಲೇ ಓಡಿ ಬಂದು ಟಾರ್ಚು ಹಿಡಿದಳು. ಹಳೆಯ ಕ್ಯಾಲಿಪರ್ ಕಳಚಿ ಹೊಸದು ಕೂತ ಮೇಲೆ ಅವಳನ್ನು ಡ್ರೈವರ್ ಸೀಟಿಗೆ ಹತ್ತಿಸಿ, ಜಾಕಿಯ ಮೇಲೆ ನಿಂತ ಕಾರಿನ ಚಕ್ರದ ಬಳಿ ಅವನು ಚಾಪೆ ಹಾಸಿ ಮಲಗಿದ.

“ಒತ್ತು.” ಒತ್ತಿದಳು.

“ಹಿಡಿ.” ಹಿಡಿದಳು.

ಅವನು ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ಪುಟ್ಟ ನಿಪ್ಪಲನ್ನು ಸ್ಪಾನರಿನಿಂದ ಸಡಿಲಿಸುವುದು, ಬ್ರೇಕ್ ಆಯಿಲ್ ಚಿಮ್ಮಿ ಬಾಟಲಿಗೆ ಬೀಳುವುದು, ಅದೇ ಹೊತ್ತಿಗೆ ಪೆಡಲ್ ಅವಳ ಪಾದದಡಿ ತಳದ ತನಕ ಕುಸಿಯುವುದು. ಅವನು ನಿಪ್ಪಲ್ ಬಿಗಿದು “ಬಿಡು” ಎಂದ ಮೇಲೆಯೇ ಅವಳು ಕಾಲೆತ್ತಬೇಕು. ಹೀಗೆ ಆಯಿಲಿನ ಜೊತೆ ಒಳಗೆ ಸೇರಿಕೊಂಡ ಗಾಳಿಯೆಲ್ಲ ಹೋದರೆ ಪೆಡಲ್ ಗಟ್ಟಿಯಾಗಬೇಕಿತ್ತು. ಎಷ್ಟು ಒತ್ತಿದರೂ ಅದು ಹಳೆಯ ಹಾಸಿಗೆಯ ಹಾಗೆ ಮೆತ್ತಗೇ ಉಳಿಯಿತು.

“ನಿನ್ನ ಕಾಲಿನಲ್ಲಿ ಎಂತ ಜೀವ ಇಲ್ವಾ?”

“ತಿನ್ನುವಾಗ ಮಾತ್ರ ಜೀವ ಉಂಟು ಅದಕ್ಕೆ,” ಎಂದರು ಜಗಲಿಯಲ್ಲಿ ಕೂತಿದ್ದ ಸೌದಾ.

ನೀರು ಕುಡಿಯಲು ಇಳಿದಾಗ ಶಿಬಿಲಾಳ ಕಣ್ಣು ಚಕ್ರದ ಕಡೆ ಹೋಯಿತು. ಹಳೆಯದರಲ್ಲಿ ನಿಪ್ಪಲ್ ಮೇಲ್ಗಡೆ ಇದ್ದದ್ದನ್ನು ಅವಳು ಬೆಳಿಗ್ಗೆ ಟಾರ್ಚಿನ ಬೆಳಕಿನಲ್ಲಿ ಕಂಡಿದ್ದಳು. ಈಗ ಅದು ಅಡಿಯಲ್ಲಿತ್ತು.

“ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ರಾ ಅಂತ... ಗಾಳಿ ಮೇಲೆ ಅಲ್ವಾ ನಿಲ್ಲುವುದು? ನಿಪ್ಪಲ್ ಅಡಿಯಲ್ಲಿದ್ರೆ ಹೊರಗೆ ಬರುವುದು ಹೇಗೆ?”

ಅಶ್ಕರ್ ಬಗ್ಗಿ ನೋಡಿದ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಅವನ ಕಿವಿ ಕೆಂಪಾಯಿತು.

“ನಿನ್ನ ಉಪ್ಪ ಶಾರ್ಜಾದಲ್ಲಿ ಈರುಳ್ಳಿ ತೂಗುವುದಲ್ವಾ? ನೀನು ಮೆಕ್ಯಾನಿಕ್ ಆದದ್ದು ಯಾವಾಗ? ಹೋಗಿ ಕೂತ್ಕೋ.”

“ಹೊತ್ತಾಯ್ತು. ನಾನು ಬಸ್ಸಿನಲ್ಲಾದ್ರೂ ಉಪ್ಪಳಕ್ಕೆ ಹೋಗ್ತೇನೆ.”

“ಮನೆಯಲ್ಲಿ ಕಾರು ಇಟ್ಕೊಂಡು ಬಸ್ಸಾ? ಈಗ ಆಯ್ತಲ್ಲ. ಒತ್ತು.”

ಒತ್ತಿದಳು, ಹಿಡಿದಳು. ಪೆಡಲ್ ಕುಸಿಯಲಿಲ್ಲ. “ಬಿಡು” ಎಂಬ ಮಾತು ಮಾತ್ರ ಬಂತು. ಮತ್ತೆ ಒತ್ತಿದಳು, ಮತ್ತೆ ಪೆಡಲ್ ಅರ್ಧದಲ್ಲೇ ನಿಂತಿತು. ಬೆಳಗಿನಿಂದ ಅದೊಂದೇ ಕೆಲಸ ಮಾಡಿದ ಪಾದಕ್ಕೆ ತಲೆಗಿಂತ ಮೊದಲು ಗೊತ್ತಾಯಿತು. ಅವಳು ಕಿಟಕಿಯಿಂದ ಕುತ್ತಿಗೆ ಚಾಚಿ ಕೆಳಗೆ ನೋಡಿದಳು. ಸ್ಪಾನರು ಅಂಗಳದಲ್ಲಿ, ಅವನ ಚಪ್ಪಲಿಯ ಪಕ್ಕ ಬಿದ್ದಿತ್ತು. ಮಹಾರಾಯ ತಲೆಯಡಿಗೆ ಕೈಕೊಟ್ಟು ಅಂಗಾತ ಮಲಗಿಕೊಂಡು ಆ ಮೂರು ಮಾತು ಹೇಳುತ್ತಿದ್ದ, ಅಷ್ಟೆ.

“ನೀವು ನಿಪ್ಪಲ್ ಬಿಚ್ಚುವುದೇ ಇಲ್ಲ,” ಎಂದಳು.

ಅವನು ಮಲಗಿದಲ್ಲಿಂದಲೇ ತಣ್ಣಗೆ ಕೇಳಿದ: “ಉಪ್ಪನ ಹತ್ರ ಎಂತ ಹೇಳಲಿಕ್ಕುಂಟು ನಿನಗೆ, ಇಷ್ಟು ಅರ್ಜೆಂಟು?”

ಅವಳು ಯಾರಿಗೂ ಹೇಳಿರಲಿಲ್ಲ. ಅವನಿಗೆ ಎಲ್ಲ ಗೊತ್ತಿತ್ತು.

“ಒತ್ತು,” ಎಂದ.

ಇಳಿದು ಗೇಟು ದಾಟಿದ್ದರೆ ಹೆದ್ದಾರಿ, ಅಲ್ಲಿಂದ ಬಸ್ಸು. ಆದರೆ ಜಗಲಿಯಲ್ಲಿ ಸೌದಾ ಎದ್ದು ನಿಂತಿದ್ದರು, ಕೈಚೀಲ ಕೋಣೆಯೊಳಗಿತ್ತು, ಇವನ ಕೈ ಎಷ್ಟು ಬೇಗ ಏಳುತ್ತದೆಂಬುದು ಅವಳ ಕೆನ್ನೆಗೆ ಗೊತ್ತಿತ್ತು. ಹೆದರಿದಳು. ಒತ್ತಿದಳು.

ಮಧ್ಯಾಹ್ನದ ಊಟವೂ ಮುಗಿದ ಮೇಲೆ ಅದ್ದುವಿನ ಫೋನ್ ಬಂತು. ಅಶ್ಕರ್ ಎದ್ದು ಕೈ ಒರೆಸಿಕೊಂಡು ಸ್ಪೀಕರ್ ಹಾಕಿದ.

“ಎಂತ ಹೇಳುವುದು ಮಾವ, ಬೆಳಿಗ್ಗೆಯಿಂದ ಕಾರಿನ ಅಡಿಯಲ್ಲೇ ಇದ್ದೇನೆ. ನಿಮ್ಮ ಮಗಳಿಗೆ ಒಂದು ಪೆಡಲ್ ಸರಿ ಒತ್ತಲಿಕ್ಕೆ ಬರುವುದಿಲ್ಲ.”

ಅಳಿಯನ ಮಾತಿಗೆ ಅದ್ದು ಬಾಯಿತುಂಬ ನಕ್ಕರು. “ಅವಳು ಸಣ್ಣದಿರುವಾಗಲೂ ಹಾಗೆಯೇ ಪುಯ್ಯಾಪ್ಳೆ. ನೀವು ಬೇಜಾರು ಮಾಡ್ಬೇಡಿ. ನಾನು ಟ್ಯಾಕ್ಸಿ ಹಿಡಿದು ಹೊರಟಾಯ್ತು. ಅವಳಿಗೆ ಕೊಡಿ.”

ಅಶ್ಕರ್ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ. ಸೌದಾ ಮೆಟ್ಟಿಲು ಇಳಿದು ಬಂದರು.

“ಮಗಳೇ, ಪಾಪ, ಅವರು ನನಗೋಸ್ಕರ ಎಷ್ಟು ಕಷ್ಟಪಟ್ಟಿದ್ದಾರೆ ನೋಡು. ಇಂಥವರು ಸಿಗಬೇಕಲ್ಲ? ಹೇಳಿದ ಹಾಗೆ ಕೇಳ್ಬೇಕು. ಎಂತಾದ್ರೂ ಹೇಳಲಿಕ್ಕುಂಟಾ?”

“ಇಲ್ಲ ಉಪ್ಪ.”

ಫೋನು ಇಟ್ಟವನೇ ಅಶ್ಕರ್ ಎರಡೂ ಕ್ಯಾಲಿಪರ್ ಬಿಚ್ಚಿ, ಒಂದು ಮಾತೂ ಆಡದೆ ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಕೂರಿಸಿದ. ನಿಪ್ಪಲ್ ಮೇಲಕ್ಕೆ ಬಂತು. ಈ ಸಲ ಪೆಡಲ್ ಕುಸಿಯಿತು, ಗಾಳಿ ಬುಳುಬುಳು ಹೊರಟಿತು. ಮುಸ್ಸಂಜೆಯ ಮಗ್ರಿಬ್ ಬಾಂಗ್ ಆಗುವ ಮೊದಲೇ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿ ಅವಳ ಪಾದಕ್ಕೆ ಎದುರು ನಿಂತಿತು.

“ಹಿಡಿ,” ಎಂದು ಕೊನೆಯ ಸಲ ನಿಪ್ಪಲ್ ಬಿಗಿದು ಎದ್ದ. “ನೋಡು, ಈಗ ಸರಿ ಒತ್ತಿದ್ದಿ. ಬೆಳಿಗ್ಗೆಯೇ ಹೀಗೆ ಒತ್ತಿದ್ರೆ ಉಪ್ಪನನ್ನು ನೋಡಬಹುದಿತ್ತು.”

ಸೌದಾ ಚಾ ಆಯಿತೆಂದು ಕರೆದರು. ಅವನು ಕೈ ತೊಳೆದು ಒಳಗೆ ಹೋದ. ಹೋಗುವಾಗ ‘ಬಿಡು’ ಎನ್ನಲು ಮರೆತ. ಕತ್ತಲಾದರೂ ಶಿಬಿಲಾಳ ಕಾಲು ಪೆಡಲಿನ ಮೇಲೆಯೇ ಇತ್ತು.