ಏಳನೇ ರೂಮಿನ ಬೆಡ್‌ಶೀಟು

ಮಾರ್ಚ್ ಕೊನೆಯ ವಾರ, ಓಹಾಯೊ ನದಿ ಮಣ್ಣುಬಣ್ಣಕ್ಕೆ ತಿರುಗಿ ದಡ ಹತ್ತಿದ್ದ ದಿನಗಳು. ಬೆಳಿಗ್ಗೆ ಒಂಬತ್ತಕ್ಕೆ ನಮ್ಮನ್ನು, ಹನ್ನೆರಡು ಜನರನ್ನು, ಕೋರ್ಟಿನಲ್ಲಿ ತೀರ್ಪು ಹೇಳುವ ಜ್ಯೂರಿಯಾಗಿ ಕೂರಿಸಿದರು.

ಹೆದ್ದಾರಿ ಪಕ್ಕದ ಮೋಟೆಲಿನಲ್ಲಿ ರೂಮು ಚೊಕ್ಕ ಮಾಡುವ ಟೆಸ್ಸಾಗೆ ಇಪ್ಪತ್ತೆರಡು ವರ್ಷ. ಏಳನೇ ರೂಮಿನಲ್ಲಿ ಮ್ಯಾನೇಜರ್ ಪ್ರೂಯಿಟ್ ತನ್ನನ್ನು ಕೆಡವಿ ಬಲಾತ್ಕಾರ ಮಾಡಿದ ಎಂದಳು. ಮುಟ್ಟಿಯೇ ಇಲ್ಲ ಎಂದ ಅವನು. ಆ ದಿನ ಅದು ನಡೆದ ಮೇಲೆ ಅವಳು ಆ ಬೆಡ್‌ಶೀಟು ಎಳೆದು ಒಗೆಯುವ ಯಂತ್ರಕ್ಕೆ ಹಾಕಿದಳು, ಹೊಸದು ಹಾಸಿದಳು, ಉಳಿದ ಐದು ರೂಮು ಮುಗಿಸಿ ಮನೆಗೆ ಹೋಗಿ ಮೈ ತೊಳೆದುಕೊಂಡಳು. ಆಸ್ಪತ್ರೆಗೆ ಹೋದದ್ದು ನಾಲ್ಕನೇ ದಿನ.

ಪರೀಕ್ಷೆ ಮಾಡಿದವರು ಏನೂ ಸಿಗಲಿಲ್ಲ ಎಂದರು. ಇಷ್ಟು ದಿನವಾದ ಮೇಲೆ ಸಿಗದಿರುವುದೇ ಹೆಚ್ಚು, ಅಷ್ಟರಿಂದ ಏನೂ ನಡೆದಿಲ್ಲ ಎಂದಾಗದು ಎಂದೂ ಹೇಳಿದರು. ಆ ಎರಡನೇ ಮಾತು ನಮ್ಮ ಜೊತೆ ಚರ್ಚೆಯ ಕೋಣೆಗೆ ಬರಲೇ ಇಲ್ಲ.

"ಟೀವಿಯಲ್ಲಿ ಒಂದು ಕೂದಲು ಸಿಕ್ಕಿದ್ರೆ ಸಾಕು, ಕಳ್ಳನ ಮನೆ ಬಾಗಿಲು ತಟ್ತಾರೆ," ಎಂದಳು ಜ್ಯೂರಿಯಲ್ಲಿದ್ದ ಬೆವರ್ಲಿ. "ಇಲ್ಲಿ ಕೂದಲೂ ಇಲ್ಲ, ಕಲೆಯೂ ಇಲ್ಲ."

"ಅವಳೇ ತೊಳೆದಳಲ್ಲ," ನಾನೆಂದೆ. "ನಲವತ್ತು ವರ್ಷ ಆಸ್ಪತ್ರೆ ಬಟ್ಟೆ ಒಗೆದವಳು ನಾನು. ಕೈ ಕೆಲಸ ಮಾಡ್ತಾ ಇರುತ್ತೆ ಕಣಮ್ಮಾ. ಬಟ್ಟೆ ಮೊದಲು, ಅಳು ಆಮೇಲೆ."

ಹಾರ್ಲನ್ ನಮ್ಮ ಮುಖ್ಯಸ್ಥ, ಕೆಟ್ಟವನಲ್ಲ. "ಮಿಸ್ ಓಪಲ್, ನೀವು ಸಾಕ್ಷಿ ಅಲ್ಲ. ನಿಮ್ಮ ಬಟ್ಟೆ ಕತೆ ಇಲ್ಲಿ ಬರೋಹಾಗಿಲ್ಲ."

"ಬದುಕಿನ ಅನುಭವದಿಂದ ಯೋಚಿಸಿ ಅಂತ ಜಡ್ಜ್ ಓದಿದ್ರಲ್ಲಪ್ಪ?"

"ಎಲ್ಲಿದೆ, ತೋರಿಸಿ." ಜಡ್ಜ್ ಓದಿದ ಸೂಚನೆಗಳ ಹದಿನಾರು ಹಾಳೆಯ ಕಟ್ಟನ್ನು ನನ್ನ ಕಡೆ ತಳ್ಳಿದ.

ನಾನು ಶಾಲೆಗೆ ಹೋದದ್ದು ಮೂರೇ ವರ್ಷ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಬೇಕು. ಹನ್ನೊಂದು ಜನ ನೋಡುತ್ತಿದ್ದರು. ಎರಡು ಹಾಳೆ ಮಗುಚಿದೆ.

"ಊಟಕ್ಕೆ ಮುಂಚೆ ಸಿಗುತ್ತಾ ಅಜ್ಜೀ?" ಎಂದ ಯಾರೋ. ನಕ್ಕರು. ನಾನೂ ನಕ್ಕೆ. ಕಟ್ಟನ್ನು ಮುಚ್ಚಿದೆ.

ಕೈ ಎತ್ತಿ ಎಂದಾಗ ಎಲ್ಲರ ಜೊತೆ ಎತ್ತಿದೆ.

ಕೋರ್ಟಿನಲ್ಲಿ ನಿರಪರಾಧಿ ಎಂದು ಓದಿದಾಗ ಟೆಸ್ಸಾ ಅಳಲಿಲ್ಲ. ತಾಯಿಯ ಕಡೆ ತಿರುಗಿ, "ಇವರಿಗೆ ಇನ್ನೇನು ಬೇಕಿತ್ತಮ್ಮಾ?" ಎಂದಳು. ನನಗೆ ಗೊತ್ತಿತ್ತು: ಅವಳು ಒಗೆದುಹಾಕಿದ ಆ ಬೆಡ್‌ಶೀಟು.

ಪ್ರೂಯಿಟ್ ಎಲ್ಲಿಗೂ ಹೋಗಲಿಲ್ಲ. ಶನಿವಾರ ಟೆಸ್ಸಾ ಊರು ಬಿಟ್ಟಳು.