ಎಡಕ್ಕೆ ವಾಲಿದ ಕಣ್ಣು

ಮೂರನೆಯ ಏಟಿಗೆ ಕೊಡಲಿ ಮರದ ಕಾವಿನಿಂದ ಕಳಚಿ ಹಾರಿತು. ಬೇವಿನ ಬುಡದಲ್ಲಿ ಕುಳಿತಿದ್ದ ಇಸ್ಮಾಯಿಲ್‌ಸಾಬನ ಕಾಲ ಬಳಿ ಬಂದು ಬಿತ್ತು. ದುರುಗಪ್ಪನ ಕೈಯಲ್ಲಿ ಬರೀ ಕೋಲು ಉಳಿಯಿತು. ಹೆಣ ಹೊರುವ ಸಿದಿಗೆಗೆಂದು ತಂದ ಬಿದಿರು ಅರ್ಧ ಕಡಿದಂತೆಯೇ ನಿಂತಿತು.

"ನೋಡಲೇ, ಗ್ಯಾನಮ್ಮ ಹೋಗೂ ದಿನಾನೂ ನಿನ್ನ ಕೊಡ್ಲಿ ಆಕಿ ಬಾಗಲಿಗೇ ರಿಪೇರಿಗೆ ಬಂತು," ಎಂದ ಇಸ್ಮಾಯಿಲ್‌ಸಾಬ. "ನನ್ನ ಕಾಲು ಉಳಿಸಿದಾಕೀನೂ ಆಕೀನೇ."

ಮಸ್ಕಿಯ ಸಂತೆಯಲ್ಲಿ ಐವತ್ತು ವರ್ಷ ಕೊಡಲಿಗೆ, ಗುದ್ದಲಿಗೆ ಕಾವು ಕೆತ್ತಿದ ಮುದುಕ ಅವನು. ಕಮ್ಮಾರ ಕರಿಬಸಪ್ಪ ಕಬ್ಬಿಣ ಬಡಿದರೆ, ಅದಕ್ಕೆ ಕಟ್ಟಿಗೆ ಕೂಡಿಸುವವನು ಇವನು. ಕರಿಬಸಪ್ಪ ಹೋಗಿ ಹನ್ನೆರಡು ವರ್ಷವಾಗಿತ್ತು. ಇವತ್ತು ಅವನ ಹೆಂಡತಿ ಗ್ಯಾನಮ್ಮನ ಸರದಿ.

ಪಡಸಾಲೆಯಲ್ಲಿ ಹೊಸ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಆಕೆಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿಯುತ್ತಿದ್ದರು. ಲಿಂಗಸುಗೂರಿನಿಂದ ಬೆಳಗಿನ ಬಸ್ಸಿಗೆ ಬಂದ ಮೈದುನ ನರಸಣ್ಣ ಹೊಸ್ತಿಲ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಚಿಕ್ಕಪ್ಪನ ಎದುರು ನಿಂತಿದ್ದಳು ಗ್ಯಾನಮ್ಮನ ಮಗಳು ಪಾರ್ವತೆಮ್ಮ.

"ಸಣ್ಣಪ್ಪ, ಅವ್ವ ಬಾಯಿಬಿಟ್ಟು ಕೇಳಿದ್ದು ಅದೊಂದ. 'ನನ್ನ ಕೈಗೆ ಸುತ್ತಿಗಿ ಕೊಟ್ಟು ಕಳಸ್ರಿ' ಅಂದಾಳ."

ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಕಬ್ಬಿಣಕ್ಕೆ ರೂಪ ಕೊಟ್ಟವರು ಸತ್ತರೆ, ಕೈಗೆ ಸುತ್ತಿಗೆ ಇಟ್ಟು ಮಣ್ಣಿಗೆ ಒಯ್ಯುತ್ತಿದ್ದರು. ಇಡಬೇಕಾದವರು ಮನೆಯ ಹಿರಿಯರು. ಈಗ ಹಿರಿಯನೆಂದರೆ ನರಸಣ್ಣ ಒಬ್ಬನೇ.

"ಅತ್ತಿಗಿ ಜಲ್ಮಪೂರಾ ತಿದಿ ಊದ್ಯಾಳ, ಅದಕ್ಕ ನಾ ಕೈ ಮುಗೀತೀನಿ," ಎಂದ ನರಸಣ್ಣ. "ಆದ್ರ ತಿದಿ ಬ್ಯಾರೆ, ಸುತ್ತಿಗಿ ಬ್ಯಾರೆವ್ವ. ದೇವರ ಮುಂದ ಸುಳ್ಳು ಆಗಬಾರದು. ಆಕಿ ಬಡದಿದ್ದು ಕಳೆ ತಗಿಯೂ ಒಂದು ಕುರುಪಿ ಇದ್ರೂ ತಂದು ತೋರ್ಸು. ನನ್ನ ಕೈಯಾರ ಇಡ್ತೀನಿ."

ಪಾರ್ವತೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ತೋರಿಸಲು ಏನೂ ಇರಲಿಲ್ಲ. ಅವ್ವ ಸುತ್ತಿಗೆ ಹಿಡಿದದ್ದನ್ನು ಆಕೆ ಕಂಡವಳಲ್ಲ. ಕೇಳಿದ್ದು ಯಾಕೆಂದೂ ಅವ್ವ ಹೇಳಲಿಲ್ಲ. ಕೇಳಿದ ಮರುದಿನವೇ ಮಾತು ನಿಂತಿತ್ತು.

ಅಂಗಳದಲ್ಲಿ ಇಸ್ಮಾಯಿಲ್‌ಸಾಬ ಕೊಡಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕಣ್ಣಿನಲ್ಲಿ ಸಿಕ್ಕ ಮುರುಕು ಕಟ್ಟಿಗೆ ತೆಗೆದ. ಕಾವು ಕೂರುವ ತೂತಿಗೆ ಕಣ್ಣು ಎನ್ನುತ್ತಾರೆ. ಅದರೊಳಗೆ ಆಡಿಸುತ್ತಿದ್ದ ಹೆಬ್ಬೆರಳು ಹಾಗೇ ನಿಂತಿತು.

"ದುರುಗ್ಯಾ, ಇದನ್ನ ಯಾರು ಮಾಡಿದ್ದಲೇ?"

"ಹಟ್ಟಿ ಕಂಪನಿ ಮಾಲ್ ಕಾಕಾ. ನಮ್ಮಪ್ಪ ಹೇಳ್ತಿದ್ದ. ಅದಕ್ಕ ಗುರ್ತ ಇಲ್ಲ ನೋಡು. ಕರಿಬಸಪ್ಪಂದಾಗಿದ್ರ ಮೂರು ಚುಕ್ಕಿ ಇರ್ತಿದ್ದು."

ಹೊಸ್ತಿಲ ಮೇಲಿನಿಂದ ನರಸಣ್ಣ ತಲೆಯೆತ್ತಿದ. "ನಾ ಇಪ್ಪತ್ತೊಂಬತ್ತು ವರ್ಷ ಹಟ್ಟಿಯಾಗ ಕುಲಿಮಿ ಕೆಲಸ ಮಾಡೀನಿ. ಅಲ್ಲಿ ಬಂಗಾರ ತಗೀತಿದ್ರಪ, ಕೊಡ್ಲಿ ಯಾವಾಗ ಮಾಡಿದ್ರು?"

ಭಜನೆಯವರಲ್ಲಿ ಇಬ್ಬರು ನಕ್ಕರು. ಇಸ್ಮಾಯಿಲ್‌ಸಾಬ ನಗಲಿಲ್ಲ.

"ಇದರ ಕಣ್ಣು ಎಡಕ್ಕ ವಾಲೇತಿ," ಎಂದ. "ಇಂಥವು ಎಂಟೋ ಹತ್ತೋ ನನ್ನ ಕೈಯಾಗ ಬಂದಿದ್ದು. ಸಿಂಧನೂರ ಕಡೆ ಕ್ಯಾಂಪಿಗೆ ದೇಶ ಬಿಟ್ಟ ಬಂಗಾಲಿ ಮಂದಿ ಬಂದು ಜಾಲಿ ಕಡಿಯಾಕತ್ತಿದ್ರಲ್ಲ, ಆ ವರ್ಷ. ಅವರ ಮಾತು ನಮಗ ತಿಳೀತಿದ್ದಿಲ್ಲ, ನಮ್ಮದು ಅವರಿಗೆ ತಿಳೀತಿದ್ದಿಲ್ಲ. ಬರೀ ಕೈಮಾಡಿ ಕೊಡ್ಲಿ ಕೇಳ್ತಿದ್ರು. ಕಾವು ಸೊಟ್ಟ ಕೆತ್ತಿ ಕೆತ್ತಿ ನನಗ ಸಾಕಾಗಿ, 'ಏನೋ ಕರಿಬಸ್ಯಾ, ಕುಡುದು ಬಡೀತೀ ಏನು?' ಅಂತ ಬೈದೆ. ನಕ್ಕೊಂತ 'ಕೈ ಬದಲಾಗೇತಿ ಸಾಬಾ' ಅಂದ."

"ಕೈ ಬದಲಾಗೇತಿ ಅಂದನಾ?" ನರಸಣ್ಣ ಎದ್ದು ಬಂದ.

"ಹೂಂ. ಆವಾಗ ಆತನ ಬಲಗೈ ಸುಟ್ಟು ಅರಿವಿ ಸುತ್ತಿದ್ರು. ಎಡಗೈಲೆ ಬಡ್ಯಾಕತ್ತಾನ ಅಂತ ನಾ ತಿಳಕೊಂಡೆ."

ಪಾರ್ವತೆಮ್ಮನ ಮುಖದಲ್ಲಿ ಮೂಡಿದ ಬೆಳಕು ಆರಿತು. ಆದರೂ ಆಕೆ ಅವ್ವನ ಮಗಳು. ಇದ್ದುದನ್ನು ಇದ್ದಂತೆ ಆಡುವವಳು. "ಹಂಗಾದ್ರ ಅಪ್ಪನೇ ಎಡಗೈಲೆ ಮಾಡಿರಬೇಕು, ಸಣ್ಣಪ್ಪ," ಎಂದಳು.

ನರಸಣ್ಣ ಕೊಡಲಿ ತೆಗೆದುಕೊಂಡು ತಾನೂ ಕಣ್ಣಿನೊಳಗೆ ಹೆಬ್ಬೆರಳಿಟ್ಟ. ತನ್ನ ಕಣ್ಣು ಮುಚ್ಚಿದ. ಬೆರಳು ಒಳಗೇ ಒಂದು ಸುತ್ತು ತಿರುಗಿತು.

"ಎಡಗೈಲೆ ಸುತ್ತಿಗಿ ಹಿಡಿದ್ರ, ಇಕ್ಕಳ ಯಾವ ಕೈಲೆ ಹಿಡೀತಾನವ್ವ?" ಎಂದ ಮೆಲ್ಲಗೆ. "ಕಾದ ಕಬ್ಬಿಣ ತಾನಾಗಿ ಅಡಿಗಲ್ಲ ಮ್ಯಾಲ ಕುಂದರತೈತೇನು? ಒಂದು ಕೈಲೆ ಕಮ್ಮಾರಿಕಿ ಆಗಂಗಿಲ್ಲ. ಅಣ್ಣನ ಸುಟ್ಟ ಕೈಲೆ ಉಣ್ಣಾಕ ಬರ್ತಿದ್ದಿಲ್ಲ, ಇಕ್ಕಳ ಎಲ್ಲಿ ಹಿಡೀತಾನ?"

ಕೊಡಲಿಯನ್ನು ಸಾಬನ ಕೈಗೆ ಮರಳಿಸಿ ಹೇಳಿದ: "ಈ ಮನ್ಯಾಗ ಎಡಗೈಯವರು ಒಬ್ಬರ ಇದ್ರು."

ಎಲ್ಲರೂ ಪಡಸಾಲೆಯ ಕಡೆ ನೋಡಿದರು.

"ಎಡಗೈಲೆ ರೊಟ್ಟಿ ನೀಡ್ಯಾಳ ಅಂತ ನಮ್ಮವ್ವ ತಾಟು ನೂಕಿದ್ಲು," ಎಂದ ನರಸಣ್ಣ. "ನಾನೂ 'ಎಡಚವ್ವ, ಎಡಚವ್ವ' ಅಂತ ನಗತಿದ್ನಿ. ಆಕೀನೂ ನಗತಿದ್ಲು."

* * *

ಬಂಗಾಲಿಗಳು ಬಂದ ಆ ವರ್ಷದ ಒಂದು ಬೆಳಗಿನ ಜಾವ. ಕುಲುಮೆಯ ಬಾಗಿಲು ಒಳಗಿನಿಂದ ಹಾಕಿತ್ತು. ಹೆಣ್ಣು ಬಡಿದ ಕಬ್ಬಿಣವೆಂದರೆ ಊರಿನವರು ಮುಟ್ಟುತ್ತಿರಲಿಲ್ಲ. ಕರಿಬಸಪ್ಪ ಎಡಗೈಯಿಂದ ತಿದಿ ಎಳೆಯುತ್ತಿದ್ದ. ಕಾಲ ಹೆಬ್ಬೆರಳಿಗೆ ಮಗಳ ತೊಟ್ಟಿಲ ಹಗ್ಗ. ಗ್ಯಾನಮ್ಮ ಮೊದಲು ಬೆಂಕಿಗೆ ಕೈಮುಗಿದಳು. ಬಲಗೈಗೆ ಇಕ್ಕಳ, ಎಡಗೈಗೆ ಸುತ್ತಿಗೆ.

"ಕಬ್ಬಿಣದ ಹೊಟ್ಟೆಯಾಗ ಕೆಂಪು ಐತಿ, ಇನ್ನೆರಡು ಏಟು ತಾಳತೈತಿ. ಬಡಿ," ಎನ್ನುತ್ತಿದ್ದ ಅವನು. ಆಕೆ ಬಡಿಯುತ್ತಿದ್ದಳು. ಕೊಡಲಿ ನೀರಿಗಿಳಿದು ಸುಂಯ್ ಎಂದಾಗ ತೊಟ್ಟಿಲಲ್ಲಿ ಮಗು ನಕ್ಕಿತು.

"ಮೂರು ಚುಕ್ಕಿ ಹೊಡಿ ಇನ್ನ."

"ಅದು ನಿಮ್ಮ ಕೈ ಗುರ್ತರೀ. ನಾ ಹಾಕಿದ್ರ ಸುಳ್ಳಾಗತೈತಿ."

"ನಿಂದೊಂದು ಹಾಕು ಹಂಗಾದ್ರ. ಯಾರಿಗೆ ತಿಳೀತೈತಿ?"

ಗ್ಯಾನಮ್ಮ ಬೆವರು ಒರೆಸಿಕೊಂಡು, ಬಾಗಿಲ ಸಂದಿಯಿಂದ ಕಾಣುವ ಬೇವಿನ ಗಿಡ ನೋಡಿದಳು.

"ದೇವರು ಅಷ್ಟು ಎಲಿ ಮಾಡ್ಯಾನ. ಒಂದರ ಮ್ಯಾಲರೆ ತನ್ನ ಹೆಸರು ಬರದಾನೇನ್ರಿ?"

ಆ ಸಲ ಕರಿಬಸಪ್ಪನ ಕೈ ಮಾಯಲು ಮೂರು ತಿಂಗಳು ಹಿಡಿಯಿತು. ಮಾಯ್ದ ದಿನ ಆಕೆ ಸುತ್ತಿಗೆಯನ್ನು ಕಣ್ಣಿಗೊತ್ತಿಕೊಂಡು ಅವನಿಗೆ ಕೊಟ್ಟು, ತಿದಿಯ ಮುಂದೆ ಕುಳಿತಳು. ಮತ್ತೆಂದೂ ಅದನ್ನು ಕೇಳಲಿಲ್ಲ.

* * *

ಇಸ್ಮಾಯಿಲ್‌ಸಾಬ ಜಾಲಿಯ ತುಂಡೊಂದನ್ನು ತರಿಸಿ, ಐವತ್ತು ವರ್ಷಗಳ ಹಿಂದಿನಂತೆಯೇ ತುದಿಯನ್ನು ತುಸು ಸೊಟ್ಟ ಕೆತ್ತಿದ. ಈ ಸಲ ಬೈಯಲಿಲ್ಲ. ಬೆಣೆ ಬಡಿದು ದುರುಗಪ್ಪನಿಗೆ ಕೊಟ್ಟ. ಉಳಿದ ಬಿದಿರು ಒಂದೇ ಏಟಿಗೆ ಹೋಳಾಯಿತು.

"ಕಂಪನಿ ಮಾಲ್ ಅಂತಿದ್ದೆಲ್ಲೋ," ಎಂದ ಮುದುಕ.

"ಹೌದು ಕಾಕಾ," ಎಂದ ದುರುಗಪ್ಪ, ಕೊಡಲಿಯನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತ. "ಈ ಮನೀನ ಕಂಪನಿ."

ನರಸಣ್ಣ ತಣ್ಣಗಾಗಿದ್ದ ಕುಲುಮೆಯೊಳಗೆ ಹೋಗಿ ಅಣ್ಣನ ಸುತ್ತಿಗೆ ತಂದ. ದೂಳು ಒರೆಸಿ, ಗ್ಯಾನಮ್ಮನ ಮುಂದೆ ಮಂಡಿಯೂರಿದ. ರೂಢಿಯಂತೆ ಬಲಗೈಯ ಕಡೆ ಚಾಚಿದವನು ತಡೆದ. ಎದ್ದು, ಸುತ್ತಿ ಬಂದು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತಿಗೆ ಇಟ್ಟ. ಪಾರ್ವತೆಮ್ಮ ತನ್ನ ಸೆರಗಿನ ಅಂಚು ಹರಿದು ಕೊಟ್ಟಳು. ಅದರಿಂದ ಕೈಗೂ ಹಿಡಿಕೆಗೂ ಮೆತ್ತಗೆ ಕಟ್ಟಿದ.

ತಾಳ ಎದ್ದಿತು. ಸಿದಿಗೆಯಲ್ಲಿ ಕುಳಿತು ಗ್ಯಾನಮ್ಮ ಓಣಿ ದಾಟಿದಳು. ತಗ್ಗು ದಿನ್ನೆಯ ದಾರಿ. ಹೊತ್ತವರು ಹೆಜ್ಜೆ ಎತ್ತಿ ಇಟ್ಟಾಗಲೆಲ್ಲ ಆಕೆಯ ಎಡಗೈ ಸುತ್ತಿಗೆಯೊಂದಿಗೆ ತುಸುವೇ ಮೇಲೆದ್ದು, ಮೆಲ್ಲಗೆ ಕೆಳಗಿಳಿಯುತ್ತಿತ್ತು.